ಘಾಟು

ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದ ಕ್ಷಣದಲ್ಲಿ ಮನೆಯ ಸಕಲ ವ್ಯವಹಾರಗಳೂ ಒಮ್ಮೆ ನಿಂತುಹೋಗುವುದನ್ನು ಓದುಗರು ತಮ್ಮ ತಮ್ಮ ಮನೆಗಳಲ್ಲಿ ಕಂಡೇ ಇರುತ್ತಾರೆ. ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದವರು ಕೆಮ್ಮುತ್ತಾರೆ. ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಗು ಸೀನುತ್ತದೆ. ದೇವರ ಮುಂದೆ ಕುಳಿತವರ ಸ್ತೋತ್ರ ನಡುವಿನಲ್ಲಿ ತಡೆದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಒಲೆಯ ಮುಂದೆ ನಿಂತವರೊಬ್ಬರು ಮಾತ್ರ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, ಕಣ್ಣನ್ನು ಕಿರಿದು ಮಾಡಿಕೊಂಡು, ಕೈಯ ಸೌಟನ್ನು ಬಿಡದೆ ನಿಂತಿರುತ್ತಾರೆ. "ಏನದು ಘಾಟು, ಕಿಟಕಿ ತೆಗೆಯಬಾರದೆ?" ಎಂಬ ಮಾತು ಒಳಗಿನಿಂದ ಬಂದೇ ಬರುತ್ತದೆ. ಕಿಟಕಿ ಆಗಲೇ ತೆರೆದಿರುತ್ತದೆ.

ನಾವಿರುವುದು ಬೆಂಗಳೂರಿನ ಬಹುಮಹಡಿಯ ಕಟ್ಟಡವೊಂದರಲ್ಲಿ. ಒಬ್ಬರ ಮನೆಯ ಒಗ್ಗರಣೆ ಅವರ ಮನೆಯೊಳಗೇ ಉಳಿಯುವುದೆಂಬುದು ಇಲ್ಲಿಲ್ಲ. ನಾನು ಥಾಯ್ಲೆಂಡಿನ ಫಟ್ ಪ್ರಿಕ್ ಖಿಂಗ್ ಎಂಬ ಅಡುಗೆಯನ್ನು ಮಾಡುವ ಸಂಜೆಗಳಲ್ಲಂತೂ ಘಾಟು ಮೆಟ್ಟಿಲಿಳಿದು ಕೆಳಗಿನ ಅಂತಸ್ತಿಗೂ ಹೋಗಿಬರುತ್ತದೆ. ಎದುರುಮನೆಯ ಹಿರಿಯರು ಮರುದಿನ ಲಿಫ್ಟಿನ ಬಳಿ ಸಿಕ್ಕಾಗ, "ಏನಮ್ಮ, ನಿನ್ನೆ ಮತ್ತೆ ಆ ಪರದೇಶದ ಅಡುಗೆಯೋ?" ಎಂದು ವಿಚಾರಿಸುತ್ತಾರೆ. ಅವರ ಧ್ವನಿಯಲ್ಲಿ ಕೋಪವಿರುವುದಿಲ್ಲ. ಆದರೆ ಘಾಟೆಂಬುದು ಅಡುಗೆಗೆ ತಗಲಿಕೊಂಡ ಒಂದು ದೋಷ, ಜಾಣತನವಿದ್ದರೆ ತಪ್ಪಿಸಿಕೊಳ್ಳಬಹುದಾದ ಅನಿಷ್ಟ ಎಂಬ ಭಾವನೆಯೊಂದು ಅದರ ಹಿಂದೆ ಇರುವುದು ನನಗೆ ತಿಳಿಯುತ್ತದೆ. ಆ ಭಾವನೆಯನ್ನು ನಾನು ಒಪ್ಪಲಾರೆ. ಘಾಟಿನ ಪರವಾಗಿ ನಾಲ್ಕು ಮಾತು ಬರೆಯಬೇಕೆಂಬ ಆಸೆ ಬಹುಕಾಲದಿಂದ ನನ್ನಲ್ಲಿದೆ.

ಥಾಯ್ ಅಡುಗೆಯೆಂದರೆ ತೆಂಗಿನಹಾಲಿನಲ್ಲಿ ತೇಲುವ ಹಸಿರು ಕರಿ, ಕೆಂಪು ಕರಿಗಳೆಂದೇ ನಮ್ಮ ಊರಿನ ಹೋಟೆಲುಗಳ ಮೂಲಕ ತಿಳಿದವರು ಬಹಳ. ಆದರೆ ಅದೇ ಕರಿಯ ಮಸಾಲೆಯನ್ನು ಸಾರಾಗಿಸದೆ, ಬಾಣಲೆಯಲ್ಲಿ ಕೊಬ್ಬಿನೊಡನೆ ಹುರಿದು, ತರಕಾರಿಗೋ ಮೀನಿಗೋ ಮಾಂಸಕ್ಕೋ ಬಿಗಿಯಾಗಿ ಹತ್ತಿಸಿ ಇಳಿಸುವ ಅಡುಗೆಗಳ ಒಂದು ಕುಲವೇ ಅಲ್ಲಿದೆ. ಕುಟ್ಟಿದ ಮಸಾಲೆ ಆ ನೆಲದಲ್ಲಿ ಬಹುಕಾಲದಿಂದ ಬೇರೂರಿದ್ದು. ದೊಡ್ಡ ಬಾಣಲೆಯನ್ನು ಉರಿಯ ಮೇಲಿಟ್ಟು ಕೈಯಾಡಿಸುತ್ತ ಹುರಿಯುವ ವಿಧಾನವು ಚೀನಾದಿಂದ ಬಂದು ನೆಲೆಸಿದವರು ತಂದದ್ದು. ಎರಡೂ ಒಂದಾದ ಕಡೆ ಹುಟ್ಟಿದವು ಫಟ್ ಪ್ರಿಕ್ ಖಿಂಗ್, ಫಟ್ ಫೆಟ್ ಮೊದಲಾದವು. ಸಾರಿನಲ್ಲಿ ಮಸಾಲೆಯ ಲೋಪದೋಷಗಳನ್ನು ತೆಂಗಿನಹಾಲು ಒಂದಿಷ್ಟು ಮರೆಮಾಡೀತು. ಇಲ್ಲಿ ಆ ಆಶ್ರಯವಿಲ್ಲ. ಮಸಾಲೆ ಹಸಿಯಾಗಿ ಉಳಿದರೆ ಮೊದಲ ತುತ್ತಿಗೇ ತಿಳಿಯುತ್ತದೆ.

ಬ್ಯಾಂಕಾಕಿನಲ್ಲಿ ಉದ್ಯೋಗದ ನಿಮಿತ್ತ ನೆಲೆಸಿದ್ದ ದಿನಗಳಲ್ಲಿ ನಾನಿದ್ದದ್ದು ಚಾವೊ ಫ್ರಾಯಾ ನದಿಯ ಪಶ್ಚಿಮದ ದಡದಲ್ಲಿರುವ ಥೊನ್‌ಬುರಿ ಭಾಗದಲ್ಲಿ, ಕಾಲುವೆಯೊಂದರ ಬದಿಯ ಹಳೆಯ ಮರದ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಮನೆಯೊಡತಿ ಇದ್ದರು. ನೆರೆಹೊರೆಯವರೆಲ್ಲ ಅವರನ್ನು 'ಪಾ', ಎಂದರೆ ದೊಡ್ಡಮ್ಮ, ಎಂದು ಕರೆಯುತ್ತಿದ್ದುದರಿಂದ ನನಗೂ ಅವರು ಪಾ ಆದರು. ಅವರ ಅಡುಗೆಮನೆ ಮನೆಯ ಒಳಗೆ ಇರಲಿಲ್ಲ. ಹಿಂಭಾಗದಲ್ಲಿ, ಮೇಲೆ ಮಾಡು, ಮೂರು ಕಡೆ ಮರದ ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು, ಆಚೆ ಕಾಲುವೆಯ ನೀರು. ಹಳೆಯ ಥಾಯ್ ಮನೆಗಳಲ್ಲಿ ಅಡುಗೆಯ ಕಟ್ಟಡವನ್ನು ಹೀಗೆ ಪ್ರತ್ಯೇಕವಾಗಿಯೇ ಕಟ್ಟುತ್ತಿದ್ದರು. ಇಂದು ಕಟ್ಟುವ ಹೊಸ ಮನೆಗಳಲ್ಲಿಯೂ ಒಳಗೊಂದು ಥಳಥಳಿಸುವ ಅಡುಗೆಕೋಣೆಯನ್ನಿಟ್ಟುಕೊಂಡು, ನಿಜವಾದ ಅಡುಗೆಗೆಂದು ಹಿತ್ತಿಲ ಕಡೆ ಗಾಳಿಯಾಡುವ 'ಥಾಯ್ ಅಡುಗೆಮನೆ'ಯೊಂದನ್ನು ಮಾಡಿಕೊಳ್ಳುವುದುಂಟು. ಘಾಟನ್ನು ಅಡುಗೆಯಿಂದ ತೆಗೆದುಹಾಕುವ ಯೋಚನೆ ಆ ಜನಕ್ಕೆ ಬರಲಿಲ್ಲ. ಘಾಟು ಇದ್ದೇ ಇರುವುದೆಂದು ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಗೋಡೆಗಳನ್ನು ಕಟ್ಟಿದರು. ಇದನ್ನು ನಾನು ಬಹು ದೊಡ್ಡ ವಿವೇಕವೆಂದು ಗೌರವಿಸುತ್ತೇನೆ.

ಪಾ ಅವರ ಅಡುಗೆ ಆರಂಭವಾಗುತ್ತಿದ್ದುದು ಸದ್ದಿನಿಂದ. ಬೂದುಬಣ್ಣದ ಗ್ರಾನೈಟ್ ಕಲ್ಲಿನ ಕುಟ್ಟಾಣಿಯೊಂದು ಅವರಲ್ಲಿತ್ತು. ಚೊನ್‌ಬುರಿ ಪ್ರಾಂತದ ಆಂಗ್ ಸಿಲಾ ಎಂಬ ಸಮುದ್ರತೀರದ ಊರಿನದು. ಕಲ್ಲಿನ ಕುಟ್ಟಾಣಿಗಳಿಗೆ ಆ ದೇಶದಲ್ಲೆಲ್ಲ ಆ ಊರೇ ಹೆಸರುವಾಸಿ. ಪರಂಗಿಕಾಯಿಯ ಸೊಮ್ ತಮ್ ಮಾಡಲು ಮಣ್ಣಿನ ಕುಟ್ಟಾಣಿಯೂ ಮರದ ಗುಂಡೂ ಬೇರೆ ಇದ್ದವು. ಕರಿಯ ಮಸಾಲೆಗೆ ಮಾತ್ರ ಕಲ್ಲಿಗೆ ಕಲ್ಲೇ ತಾಗಬೇಕು. ಆ ಸದ್ದಿನ ಲಯವನ್ನು ಕೇಳಿಯೇ ಮನೆಯ ಹೆಣ್ಣುಮಗಳ ಕೈಗುಣವನ್ನು ಅಳೆಯುತ್ತಿದ್ದರೆಂಬ ಮಾತು ಅಲ್ಲಿ ಬಳಕೆಯಲ್ಲಿದೆ. ನಾನು ಮೇಲಂತಸ್ತಿನಲ್ಲಿ ಕಾಗದಪತ್ರಗಳ ನಡುವೆ ಕುಳಿತು, ಸದ್ದು ಒಣದಾಗಿ ಟಣಟಣಿಸುತ್ತಿದ್ದರೆ ಇನ್ನೂ ಮೆಣಸಿನಕಾಯಿಯಲ್ಲಿದ್ದಾರೆ, ಮೆತ್ತಗಾಗಿ ಧಪ್ ಧಪ್ ಎನ್ನತೊಡಗಿದರೆ ಈರುಳ್ಳಿಗೆ ಬಂದರು ಎಂದು ಗುರುತಿಸುವುದನ್ನು ಕ್ರಮೇಣ ಕಲಿತೆ. ಧಪ್ ಧಪ್ ಕೇಳಿದೊಡನೆ ಕಾಗದಗಳನ್ನು ಮಡಿಸಿಟ್ಟು ಕೆಳಗಿಳಿಯುತ್ತಿದ್ದೆ.

ಕುಟ್ಟುವುದರಲ್ಲಿ ಒಂದು ಕ್ರಮವಿದೆ, ಅದನ್ನು ಮೀರುವಂತಿಲ್ಲ. ಬೀಜ ತೆಗೆದು, ನೀರಿನಲ್ಲಿ ನೆನಸಿ ಹಿಂಡಿದ ಒಣಮೆಣಸಿನಕಾಯಿಯೂ ಒಂದು ಚಿಟಿಕೆ ಹರಳುಪ್ಪೂ ಮೊದಲು. ಉಪ್ಪಿನ ಹರಳು ಮೆಣಸಿನ ಸಿಪ್ಪೆಯನ್ನು ಉಜ್ಜಿ ಹರಿಯುತ್ತದೆ. ಅನಂತರ ಶುಂಠಿಯ ಕುಲಕ್ಕೆ ಸೇರಿದ, ಆದರೆ ಶುಂಠಿಗಿಂತ ಗಡುಸಾದ ಗಲಂಗಲ್ ಗೆಡ್ಡೆಯ ತೆಳುವಾದ ಬಿಲ್ಲೆಗಳು, ಮಜ್ಜಿಗೆಹುಲ್ಲಿನ ಬುಡದ ಬಿಳಿಯ ಭಾಗ, ಮೈಯೆಲ್ಲ ಸುಕ್ಕಾದ ಮಕ್ರುತ್ ನಿಂಬೆಯ ಹಸಿರು ಸಿಪ್ಪೆ, ಕೊತ್ತಂಬರಿಯ ಬೇರು. ಸಿಪ್ಪೆಯ ಕೆಳಗಿನ ಬಿಳಿಯ ಪದರ ಎಳ್ಳಷ್ಟು ಸೇರಿದರೂ ಕಹಿ. ನಾರಿನ ಪದಾರ್ಥಗಳೆಲ್ಲ ನುಣ್ಣಗಾದ ಮೇಲೆಯೇ ಬೆಳ್ಳುಳ್ಳಿ, ಸಣ್ಣ ಈರುಳ್ಳಿ. ನೀರು ಬಿಡುವವು ಮುಂಚೆಯೇ ಒಳಹೊಕ್ಕರೆ ನಾರು ಜಾರಿ ಜಾರಿ ತಪ್ಪಿಸಿಕೊಳ್ಳುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ಕಪಿ.

ಕಪಿಯೆಂದರೆ ಸಣ್ಣ ಸಿಗಡಿಯನ್ನು ಉಪ್ಪಿನೊಡನೆ ಹುದುಗಿಸಿ, ಬಿಸಿಲಿಗಿಟ್ಟು, ಕುಟ್ಟಿ ಮಾಡಿದ ನೇರಳೆ ಛಾಯೆಯ ಮುದ್ದೆ. ಸಮುತ್ ಸೊಂಗ್‌ಖ್ರಾಮ್ ಪ್ರಾಂತದ ಕಡಲತೀರದಲ್ಲಿ, ಖ್ಲೋಂಗ್ ಖೋನ್ ಎಂಬಲ್ಲಿ ಆಗುವ ಕಪಿಯನ್ನು ಪಾ ಬಹುವಾಗಿ ಮೆಚ್ಚುತ್ತಿದ್ದರು. ಬಾಳೆಯೆಲೆಯ ತುಂಡಿನಲ್ಲಿ ಅದನ್ನು ಸುತ್ತಿ ಕೆಂಡದ ಮೇಲಿಟ್ಟು, ಎಲೆ ಕರಿದಾಗಿ ಅಂಚು ಸುಟ್ಟುಕೊಂಡಾಗ ತೆಗೆದು ಬಿಡಿಸುತ್ತಿದ್ದರು. ಆಗ ಏಳುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಹೊರಗೆ ಹೋಗುವುದುಂಟು. ನಾನು ಹೋಗಲಿಲ್ಲ; ಹೋಗಲು ನನಗೆ ಕಾರಣವಿರಲಿಲ್ಲ. ಕುಂದಾಪುರದ ಕಡೆಯ ನನ್ನ ಅಜ್ಜಿಯ ಮನೆಯಲ್ಲಿ ಮಳೆಗಾಲದ ನಡುವೆ, ದೋಣಿಗಳು ಕಡಲಿಗಿಳಿಯದೆ ಹಸಿಮೀನು ಸಿಗದ ದಿನಗಳಲ್ಲಿ, ಡಬ್ಬಿಯ ಒಣಸಿಗಡಿಯನ್ನು ಹೆಂಚಿನ ಮೇಲೆ ಹುರಿದು, ತೆಂಗಿನಕಾಯಿ ಮೆಣಸು ಹುಣಿಸೆಹಣ್ಣಿನೊಡನೆ ಅರೆಯುವ ಕಲ್ಲಿನ ಮೇಲೆ ಒರಟಾಗಿ ತಿರುವಿ ಮಾಡುತ್ತಿದ್ದ ಚಟ್ನಿಯ ವಾಸನೆ ಇದೇ. ಹೊರಗೆ ಎಡೆಬಿಡದ ಮಳೆ. ಒಳಗೆ ಕುಚ್ಚಲಕ್ಕಿಯ ಗಂಜಿ. ಅಜ್ಜಿಯ ಕೈ ಕಲ್ಲಿನ ಮೇಲೆ ಮುಂದಕ್ಕೂ ಹಿಂದಕ್ಕೂ ಆಡುತ್ತಿದ್ದಾಗ ಬಳೆಗಳು ಮೊಣಕೈಯ ಕಡೆಗೆ ಸರಿದು ಮತ್ತೆ ಮಣಿಕಟ್ಟಿಗೆ ಬೀಳುತ್ತಿದ್ದವು. ಆ ಮನೆಯಲ್ಲಿಯೂ ಘಾಟನ್ನು ಯಾರೂ ಆಕ್ಷೇಪಿಸಿದ್ದು ನನ್ನ ನೆನಪಿನಲ್ಲಿಲ್ಲ. ಹೆಂಚಿನ ಸಂದುಗಳಿಂದ ಅದು ತಾನಾಗಿ ಹೊರಗೆ ಹೋಗುತ್ತಿತ್ತು.

ಒಂದು ಸಂಜೆ ಪಾ ನನ್ನ ಕೈಗೆ ಸೌಟು ಕೊಟ್ಟರು. ಮಸಾಲೆಯ ಕೆಂಪು ಮುದ್ದೆ ಬಾಣಲೆಯ ಎಣ್ಣೆಗಿಳಿದು ಚುಯ್ಯೆಂದಿತು. ಎರಡು ಗಳಿಗೆಯಲ್ಲಿ ನಾವಿಬ್ಬರೂ ಕೆಮ್ಮತೊಡಗಿದೆವು, ಕಾಲುವೆಯ ಬದಿಗೆ ಮಲಗಿದ್ದ ನಾಯಿಯೂ ಎದ್ದು ಹೋಯಿತು. ಆಗ ಅವರು ಉರಿಯನ್ನು ತಗ್ಗಿಸಿ, ನಿಧಾನವಾಗಿ, "ಕೆಮ್ಮು ಬಂದರೆ ಅರ್ಧ ದಾರಿ ಬಂದ ಹಾಗೆ, ಮಗು. ಕೆಮ್ಮು ನಿಲ್ಲುವತನಕ ಹುರಿಯಬೇಕು" ಎಂದರು. ಈ ಅಡುಗೆಯ ವಿಷಯದಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ಇದೇ ಸಾರವತ್ತಾದದ್ದು. ಮಸಾಲೆಯಲ್ಲಿರುವ ನೀರು ಹಬೆಯಾಗಿ ಮೇಲೇಳುವಾಗ ಮೆಣಸಿನ ಖಾರದ ಸೂಕ್ಷ್ಮ ಕಣಗಳನ್ನು ತನ್ನೊಡನೆ ಹೊತ್ತು ತರುತ್ತದೆ. ಗಂಟಲಿನ ನರಗಳನ್ನು ಕೆಣಕುವುದು ಅದೇ. ನೀರು ಆರಿದಂತೆ ಈರುಳ್ಳಿ ಬೆಳ್ಳುಳ್ಳಿಗಳ ಹಸಿವಾಸನೆ ಕಳೆಯುತ್ತದೆ. ಮೆಣಸಿನ ಬಣ್ಣ ಎಣ್ಣೆಗಿಳಿದು, ಮುದ್ದೆಯ ಸುತ್ತ ಕೆಂಪಾದ ಎಣ್ಣೆ ಒಸರತೊಡಗುತ್ತದೆ. ಸದ್ದು ಚುಯ್‌ಗುಡುವುದನ್ನು ಬಿಟ್ಟು ಸಣ್ಣಗೆ ಚಿಟಪಟ ಎನ್ನುತ್ತದೆ. ಆಗ ಮೂಗಿಗೆ ಬರುವುದು ಘಾಟಲ್ಲ. ಮಜ್ಜಿಗೆಹುಲ್ಲೂ ನಿಂಬೆಸಿಪ್ಪೆಯೂ ಗಲಂಗಲ್ಲೂ ಬೇರೆ ಬೇರೆಯಾಗಿ ಗುರುತು ಸಿಗದಂತೆ ಕೂಡಿಕೊಂಡ ಒಂದೇ ಪರಿಮಳ. ಈ ನಾಲ್ಕೈದು ನಿಮಿಷಗಳೇ ಅಡುಗೆಯ ಸರ್ವಸ್ವ. ಮುಂಚೆಯೇ ತರಕಾರಿ ಸುರಿದವರಿಗೆ ಘಾಟೂ ತಪ್ಪಲಿಲ್ಲ, ಪರಿಮಳವೂ ದಕ್ಕಲಿಲ್ಲ.

ಕೆಲವರು ಎಣ್ಣೆಯ ಬದಲು ತೆಂಗಿನ ಗಟ್ಟಿಹಾಲನ್ನು ಬಾಣಲೆಗೆ ಹಾಕಿ, ಅದು ಕುದಿದು ಕುದಿದು ಒಡೆದು ಎಣ್ಣೆ ಬಿಡುವತನಕ ಕಾಯುತ್ತಾರೆ. ಮಸಾಲೆ ಹುರಿಯುವುದು ಆ ಎಣ್ಣೆಯಲ್ಲಿ. ನಮ್ಮ ಕರಾವಳಿಯ ಮನೆಗಳಲ್ಲಿ ಗಟ್ಟಿಹಾಲನ್ನು ಕೊನೆಯಲ್ಲಿ ಹಾಕಿ, ಎಲ್ಲಿ ಒಡೆದುಹೋಗುವುದೋ ಎಂದು ಕುದಿ ಬರುವ ಮೊದಲೇ ಇಳಿಸುವುದನ್ನು ನೋಡಿ ಬೆಳೆದ ನನಗೆ, ಬೇಕೆಂದೇ ಹಾಲನ್ನು ಒಡೆಸುವ ಈ ಪದ್ಧತಿ ಅತ್ಯಂತ ಕುತೂಹಲದ್ದಾಗಿ ಕಂಡಿತು. ಒಂದೇ ತೆಂಗಿನಕಾಯಿ; ಒಂದು ತೀರದಲ್ಲಿ ಒಡೆಯಬಾರದು, ಇನ್ನೊಂದು ತೀರದಲ್ಲಿ ಒಡೆಯಲೇಬೇಕು. ಪೊಟ್ಟಣದಲ್ಲಿ ದೊರೆಯುವ ಹಾಲು ಬಹುಮಟ್ಟಿಗೆ ಒಡೆಯಲು ಒಪ್ಪುವುದಿಲ್ಲ, ಒಡೆಯದಿರಲೆಂದೇ ಅದನ್ನು ಸಿದ್ಧಪಡಿಸಿರುತ್ತಾರೆ. ಕಾಯಿ ತುರಿದು ಹಿಂಡಿಕೊಂಡ ಹಾಲೇ ಇದಕ್ಕೆ ಯೋಗ್ಯ.

ಮೆಣಸಿನಕಾಯಿಯ ವಿಚಾರ ಬಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ನಮಗೂ ಅವರಿಗೂ ಅನಾದಿಯದೆಂದು ತೋರುವ ಈ ಕಾಯಿ ಅಮೆರಿಕ ಖಂಡದಿಂದ ಬಂದದ್ದು. ಏಷ್ಯಾದ ತೀರಗಳಿಗೆ ಅದನ್ನು ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಮಲಕ್ಕಾವನ್ನು ಹಿಡಿದದ್ದು 1511ರಲ್ಲಿ. ಅದೇ ವರ್ಷ ಅವರ ದೂತನು ಅಯುತ್ಥಯದ ರಾಜನ ಆಸ್ಥಾನವನ್ನು ಮುಟ್ಟಿದನು. ಅದಕ್ಕೆ ಮುಂಚೆ ಎರಡು ನಾಡುಗಳಲ್ಲಿಯೂ ಅಡುಗೆಗೆ ಖಾರ ಕೊಡುತ್ತಿದ್ದ ಪದಾರ್ಥಗಳಲ್ಲಿ ಕಾಳುಮೆಣಸು ಪ್ರಧಾನವಾದುದು. ಆ ಕಾಳಿಗಾಗಿಯೇ ಅಲ್ಲವೆ ಪೋರ್ಚುಗೀಸರು ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದದ್ದು! ಫಟ್ ಫೆಟ್ ಎಂಬ ಅಡುಗೆಯಲ್ಲಿ ಆ ಹಳೆಯ ಖಾರ ಹೊಸ ಖಾರದ ಪಕ್ಕದಲ್ಲಿಯೇ ಇಂದಿಗೂ ಕುಳಿತಿದೆ: ಹಸಿರು ಕಾಳುಮೆಣಸಿನ ಗೊನೆಗಳನ್ನು ಬಳ್ಳಿಯಿಂದ ಕಿತ್ತ ಹಾಗೆಯೇ, ಕಾಳು ಉದುರಿಸದೆ, ಬಾಣಲೆಗೆ ಹಾಕುತ್ತಾರೆ. ಶಿರಸಿ ಸಿದ್ದಾಪುರಗಳ ಕಡೆ ನಿಂಬೆರಸದಲ್ಲಿ ನೆನೆದು ಭರಣಿಯಲ್ಲಿ ಕುಳಿತಿರುವ ಆ ಗೊನೆಗಳನ್ನು ಬಲ್ಲವರು ಈ ಅಡುಗೆಯನ್ನು ಒಮ್ಮೆ ಕಂಡರೆ ಸುಮ್ಮನಿರಲಾರರು.

ಅದೇ ಫಟ್ ಫೆಟ್‌ಗೆ ಇಳಿಸುವ ಮುನ್ನ ಹಾಕುವ ಎಲೆಗಳಲ್ಲಿ ಒಂದು ಕಪ್ರಾವ್, ಎಂದರೆ ನಮ್ಮ ತುಳಸಿಯ ಜಾತಿಯದೇ. ಪಾ ಅದನ್ನು ಹಿಡಿತುಂಬ ಬಿಡಿಸಿ ಬಾಣಲೆಗೆ ಎಸೆದದ್ದನ್ನು ಮೊದಲು ಕಂಡಾಗ ನನ್ನ ಮೈ ಒಂದಿಷ್ಟು ನಡುಗಿತೆಂದೇ ಹೇಳಬೇಕು. ಬೃಂದಾವನಕ್ಕೆ ಪ್ರದಕ್ಷಿಣೆ ಬಂದು, ಉತ್ಥಾನ ದ್ವಾದಶಿಯ ದಿನ ನೆಲ್ಲಿಯ ಕೊಂಬೆ ನೆಟ್ಟು ಮದುವೆ ಮಾಡಿ, ತೀರ್ಥದೊಡನೆ ಒಂದು ದಳವನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಡುವ ಗಿಡವದು. ಆದರೆ ಬಿಸಿ ತಗಲಿದೊಡನೆ ಬಾಡಿ, ಲವಂಗವನ್ನು ನೆನಪಿಸುವ ತೀಕ್ಷ್ಣವಾದ ಗಂಧವನ್ನು ಅದು ಬಾಣಲೆಯ ಮೇಲೆಲ್ಲ ಹರಡಿದಾಗ, ಆ ಗಿಡದ ಗುಣವನ್ನು ಅವರೂ ಅವರ ರೀತಿಯಲ್ಲಿ ಅರಿತು ಆದರಿಸಿದ್ದಾರೆಂದು ನನಗೆ ಮನವರಿಕೆಯಾಯಿತು. ನಾನೀಗ ಮನೆಯಲ್ಲಿ ಅಡುಗೆಗೆಂದು ಬೇರೆ ಕುಂಡದಲ್ಲಿ ಬೆಳೆಸಿದ ಗಿಡದಿಂದಲೇ ಎಲೆ ಕೊಯ್ಯುತ್ತೇನೆ. ಬೃಂದಾವನದ ಗಿಡವನ್ನು ಮುಟ್ಟುವುದಿಲ್ಲ. ಇದಕ್ಕೆ ತರ್ಕದ ಸಮರ್ಥನೆ ಬೇಕೆಂದು ನನಗೆ ತೋರಿಲ್ಲ.

ಫಟ್ ಪ್ರಿಕ್ ಖಿಂಗ್‌ಗೆ ಹಿಂದಿರುಗುತ್ತೇನೆ. ಇದಕ್ಕೆ ತುಳಸಿಯಿಲ್ಲ. ಮಸಾಲೆಯ ಪರಿಮಳ ಕೂಡಿಬಂದ ಮೇಲೆ ತಾಳೆಬೆಲ್ಲ, ಮೀನಿನ ಉಪ್ಪುರಸವಾದ ನಾಮ್ ಪ್ಲಾ; ಬೆಲ್ಲ ಕರಗಿ ಮಸಾಲೆ ಹೊಳೆಯತೊಡಗಿದಾಗ ಬೆರಳುದ್ದಕ್ಕೆ ಮುರಿದ ಅಲಸಂದೆಕಾಯಿ. ಬ್ಯಾಂಕಾಕಿನಲ್ಲಿ ಇದರೊಡನೆ ಹಂದಿಮಾಂಸವನ್ನೋ ಗರಿಗರಿಯಾಗಿ ಕರಿದ ಮೀನನ್ನೋ ಸೇರಿಸುವುದು ರೂಢಿ. ನಮ್ಮ ಮನೆಯಲ್ಲಿ ಮೀನು, ಮೀನು ತಿನ್ನದವರು ಬಂದ ದಿನ ಗಟ್ಟಿಯಾದ ತೋಫು. ಅಲಸಂದೆ ಬೆಂದು ಮೆತ್ತಗಾಗಬಾರದು; ಹಲ್ಲಿಗೆ ಕಚಕ್ಕೆಂದು ಮುರಿಯಬೇಕು. ಕೊನೆಯಲ್ಲಿ ಮಕ್ರುತ್ ನಿಂಬೆಯ ಎಲೆಯನ್ನು ನಡುನರ ತೆಗೆದು, ಸುರುಳಿ ಸುತ್ತಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಬೇಕು. ದಪ್ಪಗೆ ಹೆಚ್ಚಿದರೆ ಎಲೆ ಬಾಯಿಗೆ ತೊಡಕಾಗುತ್ತದೆ.

ಬೆಂಗಳೂರಿನಲ್ಲಿ ಇವೆಲ್ಲ ಎಲ್ಲಿ ಎಂದು ಕೇಳುವವರುಂಟು. ಮಜ್ಜಿಗೆಹುಲ್ಲು ಕುಂಡದಲ್ಲಿ ಸೊಂಪಾಗಿ ಬೆಳೆಯುತ್ತದೆ. ಗಲಂಗಲ್ ಈಗ ದೊಡ್ಡ ತರಕಾರಿ ಅಂಗಡಿಗಳಲ್ಲಿ ದೊರೆಯುತ್ತದೆ. ಮಕ್ರುತ್ ನಿಂಬೆಯ ಸಸಿ ಕೆಲವು ನರ್ಸರಿಗಳಲ್ಲಿದೆ. ಸಿಗದಿದ್ದಾಗ ಮನೆಯ ನಿಂಬೆಗಿಡದ ಎಳೆಯೆಲೆ ಹಾಕಿದರೆ ಪರಿಮಳ ಬೇರೆಯಾದರೂ ಅಡುಗೆ ಕೆಡುವುದಿಲ್ಲ. ಮೆಣಸಿನಕಾಯಿಯ ವಿಷಯದಲ್ಲಂತೂ ನಾವು ಭಾಗ್ಯವಂತರು: ಖಾರ ಕಡಿಮೆ, ಬಣ್ಣ ಧಾರಾಳ ಇರುವ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ ಈ ಮಸಾಲೆಗೆ ಹೇಳಿ ಮಾಡಿಸಿದ್ದು, ಏಳೆಂಟು ಬ್ಯಾಡಗಿಗೆ ಒಂದೆರಡು ಗುಂಟೂರು ಸೇರಿಸಿದರೆ ನಾಲ್ಕು ಜನಕ್ಕೆ ಸಾಕು. ಸಸ್ಯಾಹಾರಿಗಳು ಕಪಿಯ ಸ್ಥಾನದಲ್ಲಿ ಹುದುಗಿದ ಸೋಯಾ ಕಾಳಿನ ಮುದ್ದೆಯನ್ನು ಬಳಸಬಹುದು; ಉತ್ತರ ಥಾಯ್ಲೆಂಡಿನಲ್ಲಿ ತುವಾ ನಾವ್ ಎಂಬ ಹೆಸರಿನಿಂದ ಅಂಥದೊಂದು ಪದಾರ್ಥ ರೂಢಿಯಲ್ಲಿಯೇ ಇದೆ. ಅಲ್ಲಿನ ಚೀನೀ ಮೂಲದವರು ವರ್ಷಕ್ಕೊಮ್ಮೆ ಆಚರಿಸುವ 'ಜೇ' ವ್ರತದ ದಿನಗಳಲ್ಲಿ ಮಾಂಸ ಮೀನುಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸುತ್ತಾರೆ; ಬೀದಿಯುದ್ದಕ್ಕೂ ಹಳದಿ ಬಾವುಟಗಳು ಹಾರಾಡುವ ಆ ದಿನಗಳಲ್ಲಿ ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಅಲ್ಲಿಗೆ ಹೋದರೆ ನಿಶ್ಚಿಂತೆಯಿಂದ ಉಂಡು ಬರಬಹುದು.

ಮಿಕ್ಸಿಯಲ್ಲಿ ಅರೆದರಾಗದೆ? ಆಗುತ್ತದೆ, ಆದರೆ ಮಿಕ್ಸಿಯ ಅಲಗು ನಾರನ್ನು ಕತ್ತರಿಸುತ್ತದೆ, ಜಜ್ಜುವುದಿಲ್ಲ, ಅದು ತಿರುಗಬೇಕಾದರೆ ನೀರು ಬೇಕು, ಆ ನೀರು ಬಾಣಲೆಯಲ್ಲಿ ಆರುವತನಕ ಮಸಾಲೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಅರೆದವರು ನೀರಿನ ಬದಲು ಒಂದು ಚಮಚ ಎಣ್ಣೆ ಹಾಕಿ, ಇನ್ನಷ್ಟು ಹೊತ್ತು ಹುರಿಯಲಿ. ಸೀಸೆಯ ಸಿದ್ಧ ಮಸಾಲೆಯನ್ನೂ ನಾನು ನಿಂದಿಸುವುದಿಲ್ಲ; ದಣಿದು ಮನೆಗೆ ಬಂದವರಿಗೆ ಅದು ಆಸರೆ. ಅದಕ್ಕೂ ಪಾ ಅವರ ನಿಯಮವೇ ಅನ್ವಯ.

ಉಣ್ಣುವ ಬಗೆಯನ್ನೂ ಹೇಳಬೇಕು. ಇದು ಬಟ್ಟಲುಗಟ್ಟಲೆ ತಿನ್ನುವ ಪದಾರ್ಥವಲ್ಲ. ಉಪ್ಪು ಹಾಕದ ಬಿಳಿಯ ಅನ್ನವೇ ಊಟ; ಪಲ್ಯ ಅದರ ಬದಿಗೆ ಒಂದೆರಡು ಚಮಚ. ಥಾಯ್ ಜನರು ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು ಹಿಡಿದು, ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ನೂಕಿಕೊಂಡು ಉಣ್ಣುತ್ತಾರೆ. ಕೈಯಿಂದ ಕಲಸಿ ಉಂಡರೆ ನನಗೆ ಹೆಚ್ಚು ರುಚಿ. ಖಾರ ನೆತ್ತಿಗೇರಿದರೆ ನೀರು ಕುಡಿಯಬೇಡಿ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ. ಬರಿಯ ಅನ್ನವನ್ನೇ ಇನ್ನೊಂದು ತುತ್ತು ತಿನ್ನಿ.

ಇಷ್ಟೆಲ್ಲ ಓದಿಯೂ ಈ ಅಡುಗೆಗೆ ಕೈಹಾಕದವರಲ್ಲಿ ನನ್ನದೊಂದು ಸಣ್ಣ ವಿನಂತಿಯಿದೆ. ನಮ್ಮ ಪೇಟೆಗಳಿಗೆ ಕೊತ್ತಂಬರಿ ಸೊಪ್ಪು ಬೇರು ಸಮೇತ ಬರುತ್ತದೆ. ನಾವು ಅದನ್ನು ಬುಡಕ್ಕೆ ಕತ್ತರಿಸಿ ಕಸಕ್ಕೆ ಎಸೆಯುತ್ತೇವೆ. ಎಲೆಗಿಂತ ಗಾಢವಾದ, ಬಿಸಿಗೆ ಬೇಗ ಆರದ ಪರಿಮಳ ಇರುವುದು ಆ ಬೇರಿನಲ್ಲಿ. ಥಾಯ್ ಅಡುಗೆಯವರು ಬೇರನ್ನೂ ಬೆಳ್ಳುಳ್ಳಿಯನ್ನೂ ಬಿಳಿಮೆಣಸನ್ನೂ ಒಟ್ಟಿಗೆ ಜಜ್ಜಿ ಎಷ್ಟೋ ಅಡುಗೆಗಳಿಗೆ ಬುನಾದಿ ಹಾಕುತ್ತಾರೆ. ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನಾಲ್ಕು ಬೇರನ್ನು ಜಜ್ಜಿ ನಾಳಿನ ನಿಮ್ಮ ಸಾರಿನ ಒಗ್ಗರಣೆಗೆ ಹಾಕಿ ನೋಡಿ, ದಯವಿಟ್ಟು ಎಸೆಯಬೇಡಿ.